ಸುಗ್ಗಿ ಮುಗಿದ ಮೇಲೆ ತೆರೆದ ಶಾಲೆ

ಓದಿದ ಮಗ ಹೊಲಕ್ಕೆ ಇಳಿಯುವುದಿಲ್ಲ ಎಂಬ ಕೊರಗು ನಮ್ಮ ಹಳ್ಳಿಗಳಿಗೆ ಮಾತ್ರ ಸೇರಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಒಕ್ಕಲು ಮನೆತನಗಳೂ ಇದೇ ಮಾತನ್ನಾಡುತ್ತಿದ್ದವು. ಆ ದೂರಿನಲ್ಲಿ ಒಂದು ವಿಚಿತ್ರವಿತ್ತು. ಅದು ವಕೀಲಿಕೆ, ವೈದ್ಯಕೀಯ ಕಲಿಸುವ ಕಾಲೇಜುಗಳ ಮೇಲಿನ ದೂರಾಗಿರಲಿಲ್ಲ. ಬೇಸಾಯವನ್ನು ಕಲಿಸಲೆಂದೇ ಸರ್ಕಾರ ಕಟ್ಟಿಸಿದ ಕಾಲೇಜುಗಳ ಮೇಲಿನ ದೂರಾಗಿತ್ತು. ಅದಕ್ಕೆ ಪರಿಹಾರ ಹುಡುಕುವ ಪ್ರಯತ್ನದಲ್ಲಿ ಹಳ್ಳಿ ಶಾಲೆಗೂ ವಿಶ್ವವಿದ್ಯಾಲಯಕ್ಕೂ ನಡುವೆ ಹೊಸದೊಂದು ಮೆಟ್ಟಿಲು ಏರ್ಪಟ್ಟಿತು. ಇಂದು ಅಲ್ಲಿ ‘ಅಸೋಸಿಯೇಟ್ ಪದವಿ’ ಎಂಬ ಹೆಸರಿನಲ್ಲಿ ನಡೆಯುವ ಎರಡು ವರ್ಷದ ಕೃಷಿ ವ್ಯಾಸಂಗದ ಬೇರು ಇರುವುದು ಆ ಮೆಟ್ಟಿಲಿನಲ್ಲಿ.

ಬೇಸಾಯ ಶಾಸ್ತ್ರ ಮತ್ತು ಬೆಳೆ ವಿಜ್ಞಾನ ಈ ವ್ಯಾಸಂಗದ ಮುಖ್ಯ ವಿಷಯಗಳು. ಮೊದಲನೆಯದು ಮಣ್ಣು, ನೀರು, ಗೊಬ್ಬರ, ಬಿತ್ತನೆಯ ಕಾಲಗಳನ್ನು ಹೊಂದಿಸಿ ಹೊಲವನ್ನು ನಡೆಸುವ ವಿದ್ಯೆ. ಎರಡನೆಯದು ಬೆಳೆಯ ಸ್ವಭಾವ, ತಳಿ, ಬೀಜಗಳನ್ನು ಅರಿಯುವ ವಿದ್ಯೆ. ಇವನ್ನು ನಾಲ್ಕು ವರ್ಷ ಓದಿ ವಿಜ್ಞಾನಿಯಾಗಬಹುದು. ಎರಡೇ ವರ್ಷ ಓದಿದವರು ಏನಾಗುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಈ ಓದಿನ ಇತಿಹಾಸವೆಲ್ಲ ಆ ಪ್ರಶ್ನೆಯ ಸುತ್ತಲೇ ಸುತ್ತಿದೆ.

ಜಮೀನು ಮಾರಿ ಕಟ್ಟಿದ ಕಾಲೇಜು

ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೇ, 1862ರ ಜುಲೈ 2ರಂದು, ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದು ಕಾಯ್ದೆಗೆ ಸಹಿ ಹಾಕಿದರು. ಅದನ್ನು ಮಂಡಿಸಿದವರು ವರ್ಮಾಂಟ್ ರಾಜ್ಯದ ಜಸ್ಟಿನ್ ಮಾರಿಲ್. ಕಮ್ಮಾರನ ಮಗನಾದ ಮಾರಿಲ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ಮೊದಲ ಮಸೂದೆಯನ್ನು 1859ರಲ್ಲಿ ಅಧ್ಯಕ್ಷ ಬುಕಾನನ್ ತಿರಸ್ಕರಿಸಿದ್ದರು. ಎರಡನೆಯ ಸಲ ಅದು ಕಾಯ್ದೆಯಾಯಿತು. ಅದರಂತೆ ಪ್ರತಿ ರಾಜ್ಯಕ್ಕೂ ಅಲ್ಲಿನ ಒಬ್ಬೊಬ್ಬ ಸಂಸದ ಹಾಗೂ ಸೆನೆಟರ್ ಲೆಕ್ಕಕ್ಕೆ 30,000 ಎಕರೆ ಸರ್ಕಾರಿ ಜಮೀನು ದೊರೆಯಿತು. ಆ ಜಮೀನನ್ನು ಮಾರಿ ಬಂದ ಹಣವನ್ನು ಇಡುಗಂಟಾಗಿಟ್ಟು, ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ನಡೆಸಬೇಕಾಗಿತ್ತು. ಹೆಚ್ಚು ಜನಸಂಖ್ಯೆಯ ನ್ಯೂಯಾರ್ಕ್ ರಾಜ್ಯದ ಪಾಲಿಗೆ 9,90,000 ಎಕರೆ ಬಂತು. ಅದು ಕಾರ್ನೆಲ್ ವಿಶ್ವವಿದ್ಯಾಲಯದ ಸ್ಥಾಪನೆಗೆ ಆಸರೆಯಾಯಿತು. ಇಂಥ ಸಂಸ್ಥೆಗಳಿಗೆ ‘ಲ್ಯಾಂಡ್ ಗ್ರಾಂಟ್’ ಕಾಲೇಜುಗಳೆಂಬ ಹೆಸರು ನಿಂತಿತು.

ಸರ್ಕಾರಿ ಜಮೀನು ಎಂದು ಹಂಚಿದ ಈ ಭೂಮಿ ಬರಿದಾಗಿ ಬಿದ್ದಿರಲಿಲ್ಲ. ಒಂದು ಕೋಟಿಗೂ ಮೀರಿದ ಆ ಎಕರೆಗಳು ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳಿಂದ ಒಪ್ಪಂದದ ಹೆಸರಿನಲ್ಲೋ ಬಲಾತ್ಕಾರದಿಂದಲೋ ಕಿತ್ತುಕೊಂಡಂಥವು. ಒಕ್ಕಲು ಮಕ್ಕಳ ವಿದ್ಯೆಗೆ ತಳಹದಿಯಾದದ್ದು ಇನ್ನೊಬ್ಬರು ಕಳೆದುಕೊಂಡ ನೆಲ. ಈ ಲೆಕ್ಕ ಅಲ್ಲಿನ ಪಠ್ಯಗಳಲ್ಲಿ ಕಾಣಿಸಿಕೊಳ್ಳಲು ಬಹುಕಾಲ ಬೇಕಾಯಿತು.

ಕಾಲೇಜುಗಳೇನೋ ಎದ್ದು ನಿಂತವು; ಓದುವವರು ಬರಲಿಲ್ಲ. ಇದಕ್ಕೆ ಕಾರಣಗಳು ಹಲವು. ಕಲಿಸಬೇಕಾದ ಶಾಸ್ತ್ರವೇ ಇನ್ನೂ ಸಿದ್ಧವಾಗಿರಲಿಲ್ಲ. ಯಾವ ಮಣ್ಣಿಗೆ ಯಾವ ಗೊಬ್ಬರ, ಯಾವ ತಳಿ ಎಷ್ಟು ಇಳುವರಿ ಕೊಡುತ್ತದೆ ಎಂಬ ಬಗ್ಗೆ ಪ್ರಯೋಗದಿಂದ ಖಚಿತವಾದ ತಿಳಿವಳಿಕೆ ತೀರ ಕಡಿಮೆ. ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗನಿಗೆ ಕಾಲೇಜಿನ ಪ್ರವೇಶ ಪರೀಕ್ಷೆಯೇ ದೊಡ್ಡ ಬೇಲಿ. ಎಲ್ಲಕ್ಕಿಂತ ಹೆಚ್ಚಾಗಿ, ನಾಲ್ಕು ವರ್ಷಗಳ ಕಾಲ ದುಡಿಯುವ ಎರಡು ಕೈಗಳನ್ನು ಊರಿನಿಂದ ದೂರ ಕಳಿಸುವ ಶಕ್ತಿ ಬಹುಪಾಲು ಮನೆಗಳಿಗಿರಲಿಲ್ಲ. ಬಿತ್ತನೆಯ ಹೊತ್ತಿಗೆ ಪರೀಕ್ಷೆ, ಕಟಾವಿನ ಹೊತ್ತಿಗೆ ತರಗತಿ. ಹೀಗಿದ್ದೂ ಹೋದವರು ಮರಳಿ ಬಂದದ್ದು ಅಪರೂಪ.

ಮೊದಲನೆಯ ಕೊರತೆಗೆ 1887ರ ಹ್ಯಾಚ್ ಕಾಯ್ದೆ ಪರಿಹಾರ ಒದಗಿಸಿತು. ಪ್ರತಿ ರಾಜ್ಯದ ಕೃಷಿ ಕಾಲೇಜಿಗೂ ಒಂದು ಪ್ರಯೋಗ ಕೇಂದ್ರ ನಡೆಸಲು ಹಣ ದೊರೆಯಿತು. ಗೊಬ್ಬರ, ತಳಿ, ರೋಗಗಳ ಕುರಿತ ಫಲಿತಾಂಶಗಳು ವರ್ಷವರ್ಷವೂ ಕೂಡಿಕೊಳ್ಳತೊಡಗಿದವು. ಕಲಿಸಲು ವಿಷಯ ಸಿಕ್ಕಿತು. ಕಲಿಯುವವರನ್ನು ಹೇಗೆ ಕರೆತರುವುದೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಚಳಿಗಾಲದ ಪಾಠ

ಉತ್ತರ ಬಂದದ್ದು ಹಿಮ ಬೀಳುವ ರಾಜ್ಯಗಳಿಂದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1885-86ರ ಚಳಿಗಾಲದಲ್ಲಿ ರೈತರ ಮಕ್ಕಳಿಗಾಗಿ ಒಂದು ಕಿರು ಅವಧಿಯ ತರಗತಿ ಆರಂಭಿಸಿತು. ನೆಲ ಹೆಪ್ಪುಗಟ್ಟಿ ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಬಂದು ಕಲಿತು, ಬಿತ್ತನೆಗೆ ಮುನ್ನ ಮನೆ ಸೇರಬಹುದಾಗಿತ್ತು. ಅದೇ ವಿಶ್ವವಿದ್ಯಾಲಯದ ಸ್ಟೀಫನ್ ಬಾಬ್ಕಾಕ್ 1890ರಲ್ಲಿ ಹಾಲಿನ ಕೊಬ್ಬಿನಂಶ ಅಳೆಯುವ ಸರಳ ಪರೀಕ್ಷೆಯೊಂದನ್ನು ಪ್ರಕಟಿಸಿ, ಅದಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಆಮ್ಲ ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ಗಾಜಿನ ಕೊಳವೆಯ ಗೆರೆ ಓದುವ ಈ ಕೆಲಸಕ್ಕೆ ನಾಲ್ಕು ವರ್ಷದ ಪದವಿ ಬೇಕಿರಲಿಲ್ಲ. ಆದರೆ ಶ್ರದ್ಧೆಯಿಂದ ಕಲಿಯದೆ ಬರುವಂಥದೂ ಆಗಿರಲಿಲ್ಲ. ನೀರು ಬೆರೆಸಿದ ಹಾಲಿಗೂ ಗಟ್ಟಿ ಹಾಲಿಗೂ ಒಂದೇ ಬೆಲೆ ಎಂಬ ಅನ್ಯಾಯಕ್ಕೆ ಕಡಿವಾಣ ಹಾಕಿದ್ದು ಇಂಥ ನಡುವಣ ವಿದ್ಯೆ. ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಫ್ಯಾಟ್ ನೋಡಿ ದುಡ್ಡು ಎಣಿಸಿಕೊಳ್ಳುವ ಯಾರಿಗಾದರೂ ಇದರ ಬೆಲೆ ತಿಳಿದೇ ಇರುತ್ತದೆ.

ಮಿನ್ನೆಸೋಟದ ಕಥೆ ಇನ್ನೂ ಸ್ಪಷ್ಟ. ಅಲ್ಲಿನ ವಿಶ್ವವಿದ್ಯಾಲಯದ ಕೃಷಿ ಕಾಲೇಜಿನಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟಿದ್ದರು. ರೈತ ಸಂಘಟನೆಗಳು ಕೃಷಿ ಕಾಲೇಜನ್ನು ವಿಶ್ವವಿದ್ಯಾಲಯದಿಂದ ಬೇರ್ಪಡಿಸಬೇಕೆಂದು ಒತ್ತಾಯಿಸತೊಡಗಿದವು. ಆಗ 1888ರಲ್ಲಿ ಸೇಂಟ್ ಪಾಲ್‌ನ ಹೊರವಲಯದ ವಿಶ್ವವಿದ್ಯಾಲಯದ ಹೊಲದಲ್ಲೇ ಒಂದು ಕೃಷಿ ಶಾಲೆ ತೆರೆಯಿತು. ಕಟಾವು ಮುಗಿದ ಅಕ್ಟೋಬರಿನಲ್ಲಿ ಬಾಗಿಲು ತೆರೆದು, ಬಿತ್ತನೆಗೆ ಮೊದಲು ಮಾರ್ಚ್ ಹೊತ್ತಿಗೆ ಮುಚ್ಚುವ ಶಾಲೆ ಅದು. ಹಳ್ಳಿ ಶಾಲೆಯ ಓದು ಸಾಕು, ಪ್ರವೇಶಕ್ಕೆ ಬೇರೆ ಬೇಲಿಯಿಲ್ಲ. ಕಾಲೇಜು ಖಾಲಿಯಿದ್ದ ಕಡೆ ಶಾಲೆ ತುಂಬಿತು. ಅಧ್ಯಾಪಕರು ಬಹುತೇಕ ಅವರೇ, ವಿಷಯವೂ ಬಹುತೇಕ ಅದೇ. ಬದಲಾದದ್ದು ಪ್ರವೇಶದ ನಿಯಮ ಮತ್ತು ಶಾಲೆಯ ಪಂಚಾಂಗ. ಆರು ತಿಂಗಳು ಕಲಿತದ್ದನ್ನು ಹುಡುಗ ಉಳಿದ ಆರು ತಿಂಗಳು ತಂದೆಯ ಹೊಲದಲ್ಲಿ ಪರೀಕ್ಷಿಸಿ ನೋಡಬಹುದಾಗಿತ್ತು. ಮುಂದಿನ ಅಕ್ಟೋಬರಿಗೆ ಪ್ರಶ್ನೆಗಳನ್ನು ಹೊತ್ತುಕೊಂಡೇ ಬರಬಹುದಾಗಿತ್ತು. ಈ ಶಾಲೆ 1960ರವರೆಗೆ ನಡೆಯಿತು.

ಹುಡುಗರು ಊರು ಬಿಡುತ್ತಿರುವ ಚಿಂತೆ ಆ ಹೊತ್ತಿಗೆ ರಾಷ್ಟ್ರದ ಚಿಂತೆಯೇ ಆಗಿತ್ತು. 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಗ್ರಾಮೀಣ ಬದುಕಿನ ಕುರಿತು ಒಂದು ಆಯೋಗ ನೇಮಿಸಿದರು. ಅದರ ಅಧ್ಯಕ್ಷರು ಕಾರ್ನೆಲ್‌ನ ಸಸ್ಯವಿಜ್ಞಾನಿ ಲಿಬರ್ಟಿ ಹೈಡ್ ಬೈಲಿ. ಅದೇ ಕಾಲದಲ್ಲಿ ನ್ಯೂಯಾರ್ಕ್ ರಾಜ್ಯ ತನ್ನ ಹಳ್ಳಿಗಾಡಿನ ಮೂಲೆಮೂಲೆಗಳಲ್ಲಿ ಚಿಕ್ಕ ಕೃಷಿ ಶಾಲೆಗಳನ್ನು ಸ್ಥಾಪಿಸತೊಡಗಿತ್ತು. 1906ರಲ್ಲಿ ಕ್ಯಾಂಟನ್, 1908ರಲ್ಲಿ ಆಲ್ಫ್ರೆಡ್ ಮತ್ತು ಮಾರಿಸ್‌ವಿಲ್, 1911ರಲ್ಲಿ ಕೋಬಲ್‌ಸ್ಕಿಲ್, 1912ರಲ್ಲಿ ಫಾರ್ಮಿಂಗ್‌ಡೇಲ್, 1913ರಲ್ಲಿ ಡೆಲ್ಹಿ. ನಮ್ಮ ರಾಜಧಾನಿಯ ಹೆಸರನ್ನೇ ಹೊತ್ತ ಪುಟ್ಟ ಊರು ಈ ಕೊನೆಯದು. ಕಾರ್ನೆಲ್‌ಗೆ ಹೋಗಲಾಗದವರ ಬಳಿಗೆ ಶಾಲೆಯೇ ಹೋಗಬೇಕೆಂಬುದು ಇದರ ಹಿಂದಿನ ವಿಚಾರ.

ಚೆಂದದ ತೆನೆ, ತೂಕದ ತೆನೆ

ಈ ಶಾಲೆಗಳಲ್ಲಿ ಕಲಿಸಿದ್ದೆಲ್ಲ ಸರಿಯಾಗಿತ್ತೇ? ಆ ಕಾಲದ ಮೆಕ್ಕೆಜೋಳದ ಪಾಠ ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ಅಯೋವ ರಾಜ್ಯದ ಪ್ರಾಧ್ಯಾಪಕ ಪೆರ್ರಿ ಹೋಲ್ಡನ್ 1904ರಿಂದ ರೈಲಿನಲ್ಲಿ ಊರೂರು ಸುತ್ತಿ ಬಿತ್ತನೆ ಜೋಳದ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಮೊಳಕೆ ಪರೀಕ್ಷೆ ಮಾಡದೆ ಬಿತ್ತಬೇಡಿ ಎಂಬ ಅವರ ಬುದ್ಧಿಮಾತು ಬಹಳ ಪ್ರಯೋಜನಕಾರಿಯಾಯಿತು. ಆದರೆ ಬೀಜದ ತೆನೆಯನ್ನು ಆರಿಸಲು ಅವರು ಹೇಳಿಕೊಟ್ಟ ಲಕ್ಷಣಗಳು ಬೇರೆ: ಸಾಲುಗಳು ನೇರವಾಗಿರಬೇಕು, ಬುಡದಿಂದ ತುದಿಯವರೆಗೆ ಕಾಳು ತುಂಬಿರಬೇಕು, ತೆನೆ ನೀಟಾಗಿ ದುಂಡಗಿರಬೇಕು. ಇದಕ್ಕೆ ಅಂಕಪಟ್ಟಿಯಿತ್ತು, ಸ್ಪರ್ಧೆಯಿತ್ತು, ಬಹುಮಾನವಿತ್ತು.

ಹದಿಹರೆಯದ ಹುಡುಗನೊಬ್ಬ ಇದನ್ನು ಪ್ರಶ್ನಿಸಿದ. ಚೆಂದವಾಗಿರುವ ತೆನೆ ಹೆಚ್ಚು ಫಸಲು ಕೊಡುತ್ತದೆ ಎಂದು ಗೊತ್ತಾಗುವುದು ಹೇಗೆ? ಬಿತ್ತಿ ನೋಡು ಎಂದರು ಹೋಲ್ಡನ್. ಹುಡುಗ ಒಂದೊಂದು ತೆನೆಯ ಕಾಳನ್ನೂ ಬೇರೆ ಬೇರೆ ಸಾಲಿನಲ್ಲಿ ಬಿತ್ತಿ, ಕಟಾವಿನಲ್ಲಿ ಬೇರೆ ಬೇರೆಯಾಗಿ ತೂಗಿದ. ಬಹುಮಾನಕ್ಕೆ ಯೋಗ್ಯವೆನಿಸಿದ ತೆನೆಗಳು ತೂಕದಲ್ಲಿ ಹಿಂದೆ ಬಿದ್ದವು. ಆ ಹುಡುಗನ ಹೆಸರು ಹೆನ್ರಿ ವ್ಯಾಲೇಸ್. 1926ರಲ್ಲಿ ಅವರು ಸಂಕರಣ ಮೆಕ್ಕೆಜೋಳದ ಬೀಜದ ಕಂಪನಿ ಸ್ಥಾಪಿಸಿದರು. 1933ರಲ್ಲಿ ದೇಶದ ಕೃಷಿ ಕಾರ್ಯದರ್ಶಿಯಾದರು. 1941ರಿಂದ 1945ರವರೆಗೆ ಉಪಾಧ್ಯಕ್ಷರಾಗಿದ್ದರು.

ಕಣ್ಣಿನ ಅಂದಾಜಿಗಿಂತ ತಕ್ಕಡಿ ದೊಡ್ಡದು ಎಂಬ ಈ ನಿಲುವೇ ಬೆಳೆ ವಿಜ್ಞಾನವನ್ನು ಹಳೆಯ ಅನುಭವದ ಮಾತುಗಳಿಂದ ಬೇರ್ಪಡಿಸಿತು. 1907ರಲ್ಲಿ ಅಮೆರಿಕದ ಬೇಸಾಯ ಶಾಸ್ತ್ರಜ್ಞರ ಸಂಘ ಸ್ಥಾಪನೆಯಾಯಿತು. 1955ರಲ್ಲಿ ಬೆಳೆ ವಿಜ್ಞಾನಕ್ಕೇ ಪ್ರತ್ಯೇಕ ಸಂಘ ಬಂತು. ಶಾಸ್ತ್ರ ಬೆಳೆದಂತೆ ಅದನ್ನು ಹೊಲದವರೆಗೆ ಒಯ್ಯುವವರ ಅಗತ್ಯವೂ ಬೆಳೆಯಿತು. 1914ರ ಕಾಯ್ದೆ ಜಿಲ್ಲೆ ಜಿಲ್ಲೆಗೂ ಕೃಷಿ ವಿಸ್ತರಣಾಧಿಕಾರಿಯನ್ನು ಕೊಟ್ಟಿತು. 1917ರ ಕಾಯ್ದೆ ಪ್ರೌಢಶಾಲೆಗಳಲ್ಲೇ ಕೃಷಿ ಪಾಠಕ್ಕೆ ನೆರವು ಕೊಟ್ಟಿತು. ಇದರಿಂದ ಚಳಿಗಾಲದ ಶಾಲೆಗಳ ಸ್ಥಾನ ಕ್ರಮೇಣ ಪ್ರೌಢಶಾಲೆಯ ನಂತರಕ್ಕೆ ಸರಿಯಿತು.

ಸರ್ಟಿಫಿಕೇಟಿನಿಂದ ಪದವಿಗೆ

‘ಅಸೋಸಿಯೇಟ್’ ಎಂಬ ಹೆಸರು ಬಂದದ್ದು ಕೃಷಿಯಿಂದಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ 1900ರ ಸುಮಾರಿಗೆ ಮೊದಲ ಎರಡು ವರ್ಷ ಮುಗಿಸಿದವರಿಗೆ ಈ ಹೆಸರಿನ ಪದವಿ ಕೊಡುವ ಪದ್ಧತಿ ತಂದರು. ಅಲ್ಲಿಗೇ ನಿಲ್ಲಿಸುವವರು ಗೌರವದಿಂದ ನಿಲ್ಲಲಿ, ಮುಂದುವರಿಯುವವರು ಮುಂದುವರಿಯಲಿ ಎಂಬುದು ಅವರ ಆಶಯ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಎರಡು ವರ್ಷದ ಸಾರ್ವಜನಿಕ ಜೂನಿಯರ್ ಕಾಲೇಜು ಆರಂಭವಾಯಿತು. ಇಂದು ಅಲ್ಲಿಯೂ ಕೃಷಿ ವಿಭಾಗವಿದೆ.

ಎರಡನೆಯ ಮಹಾಯುದ್ಧದ ನಂತರ ಈ ಎರಡು ಧಾರೆಗಳು ಕೂಡಿದವು. ಯುದ್ಧದಿಂದ ಮರಳಿದ ಸೈನಿಕರ ಓದಿಗೆ 1944ರ ಕಾಯ್ದೆ ಹಣ ಕೊಟ್ಟಿತು. 1948ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಆ ಆರು ಕೃಷಿ ಶಾಲೆಗಳೂ ಅದರ ಅಂಗಗಳಾದವು. ಮುಂದೆ ಅವು ಅಸೋಸಿಯೇಟ್ ಪದವಿ ಕೊಡತೊಡಗಿದವು. 1965ರಲ್ಲಿ ಅಯೋವ, ಇಲಿನಾಯ್ ಮೊದಲಾದ ಕೃಷಿಪ್ರಧಾನ ರಾಜ್ಯಗಳು ಕಾನೂನು ಮಾಡಿ ಸಮುದಾಯ ಕಾಲೇಜುಗಳ ಜಾಲವನ್ನೇ ಹೆಣೆದವು. ಇವುಗಳಲ್ಲಿ ಕೆಲವಕ್ಕೆ ಸ್ವಂತ ಹೊಲ, ದನದ ಕೊಟ್ಟಿಗೆ, ಟ್ರ್ಯಾಕ್ಟರ್ ಎಲ್ಲವೂ ಇವೆ.

ಹೆಸರಿಗೆ ಪದವಿ ಬಂತು. ಅದರ ಹಿಂದೆಯೇ ಸಂಶಯವೂ ಬಂತು. ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಲ್ಲಿ ಒಂದು ಕಟುವಾದ ವಾದ ಮುಂದಿಟ್ಟರು. ಎರಡು ವರ್ಷದ ಕಾಲೇಜುಗಳು ಬಡವರ ಮಕ್ಕಳ ದೊಡ್ಡ ಆಸೆಗಳನ್ನು ಮೆಲ್ಲಗೆ ತಣ್ಣಗಾಗಿಸಿ, ಇಷ್ಟೇ ಸಾಕೆಂದು ಒಪ್ಪಿಸುವ ಕೆಲಸ ಮಾಡುತ್ತವೆ ಎಂಬುದು ಅದರ ಸಾರ. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಮೇಲೇರುವ ಏಣಿಯೆಂದು ಬಂದವರಿಗೆ ಅದು ಕೊನೆಯ ಮೆಟ್ಟಿಲಾಗಿಬಿಡುವ ಅಪಾಯ ಇದ್ದೇ ಇದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಅಯೋವದ ಒಕ್ಕಲು ಮನೆತನದ ಒಬ್ಬ ಹುಡುಗ 1933ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ. ಹಿಂದಿನ ವರ್ಷವಷ್ಟೇ ಅಲ್ಲಿ ಎರಡು ವರ್ಷದ ಓದಿಗೆಂದು ‘ಜನರಲ್ ಕಾಲೇಜ್’ ತೆರೆದಿತ್ತು. ಹುಡುಗ ಅಲ್ಲಿ ಸೇರಿ, ಎರಡು ಅವಧಿಗಳಲ್ಲೇ ತನ್ನ ಯೋಗ್ಯತೆ ತೋರಿಸಿ ಕೃಷಿ ಕಾಲೇಜಿನ ಅರಣ್ಯಶಾಸ್ತ್ರ ವಿಭಾಗಕ್ಕೆ ವರ್ಗವಾದ. ಆತ ನಾರ್ಮನ್ ಬೋರ್ಲಾಗ್. ಮೆಕ್ಸಿಕೋದಲ್ಲಿ ಅವರು ಅಭಿವೃದ್ಧಿಪಡಿಸಿದ ಗಿಡ್ಡ ಗೋಧಿ ತಳಿಗಳ 18,000 ಟನ್ ಬೀಜವನ್ನು ಭಾರತ 1966ರಲ್ಲಿ ತರಿಸಿಕೊಂಡಿತು. 1970ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಡುವಿನ ಆ ಬಾಗಿಲು ತೆರೆದಿರದಿದ್ದರೆ ಹಸಿರು ಕ್ರಾಂತಿಯ ಕಥೆ ಬೇರೆಯಾಗಿರುತ್ತಿತ್ತೋ ಏನೋ.

ಎರಡು ವರ್ಷದಲ್ಲಿ ಕಲಿಯುವುದೇನು

ಸಾಮಾನ್ಯವಾಗಿ ಅರವತ್ತು ಕ್ರೆಡಿಟ್‌ಗಳಷ್ಟಿರುವ ಈ ವ್ಯಾಸಂಗದಲ್ಲಿ ಎರಡು ದಾರಿಗಳಿವೆ. ಒಂದು ನಾಲ್ಕು ವರ್ಷದ ಪದವಿಗೆ ವರ್ಗವಾಗಲು ಅನುಕೂಲವಾದ ವಿಜ್ಞಾನದ ದಾರಿ. ರಸಾಯನಶಾಸ್ತ್ರ, ಗಣಿತಕ್ಕೆ ಅಲ್ಲಿ ಹೆಚ್ಚು ಒತ್ತು. ಇನ್ನೊಂದು ನೇರವಾಗಿ ಕೆಲಸಕ್ಕೆ ಸೇರುವವರಿಗಾಗಿ ಇರುವ ಅನ್ವಯಿಕ ದಾರಿ. ಮಣ್ಣು, ಬೆಳೆ ಉತ್ಪಾದನೆ, ಕಳೆ ಮತ್ತು ಕೀಟಗಳ ಹತೋಟಿ, ಗೊಬ್ಬರ, ಯಂತ್ರೋಪಕರಣ, ಲೆಕ್ಕಪತ್ರ ಎರಡರಲ್ಲೂ ಬರುತ್ತವೆ. ಬೆಳೆಯ ಹಂಗಾಮಿನಲ್ಲಿ ಹೊಲದಲ್ಲೋ ಬೀಜದ ಕಂಪನಿಯಲ್ಲೋ ಇಂಟರ್ನ್‌ಷಿಪ್ ಮಾಡುವುದು ವಾಡಿಕೆ. ಶಾಲೆ ಹೊಲದ ಪಂಚಾಂಗಕ್ಕೆ ಹೊಂದಿಕೊಳ್ಳಬೇಕೆಂಬ ಹಳೆಯ ಪಾಠ ಹೀಗೆ ಹೊಸ ರೂಪದಲ್ಲಿ ಉಳಿದುಕೊಂಡಿದೆ.

ಕಲಿಕೆಯ ಬಹುಭಾಗ ಕೈ ಮತ್ತು ಕಣ್ಣಿನದು. ಒದ್ದೆ ಮಣ್ಣನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಒತ್ತಿ ಪಟ್ಟಿಯಂತೆ ಹೊರಡಿಸಿದರೆ, ಪಟ್ಟಿ ಎಷ್ಟು ಉದ್ದ ಬಂತೆಂಬುದರ ಮೇಲೆ ಜೇಡಿಯ ಅಂಶ ಅಂದಾಜಾಗುತ್ತದೆ. ನೂರು ಕಾಳು ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಮೊಳೆತವನ್ನು ಲೆಕ್ಕ ಹಾಕಿದರೆ ಬೀಜದ ಯೋಗ್ಯತೆ ತಿಳಿಯುತ್ತದೆ. ಎರಡೆಲೆಯ ಹಂತದಲ್ಲೇ ಕಳೆಯನ್ನು ಗುರುತಿಸದಿದ್ದರೆ ಔಷಧಿಯ ಆಯ್ಕೆ ತಪ್ಪುತ್ತದೆ. ಸಿಂಪಡಣೆ ಯಂತ್ರದ ನಳಿಕೆಯಿಂದ ನಿಮಿಷಕ್ಕೆ ಎಷ್ಟು ದ್ರಾವಣ ಹೊರಬರುತ್ತದೆ, ಟ್ರ್ಯಾಕ್ಟರಿನ ವೇಗವೆಷ್ಟು ಎಂಬ ಗುಣಾಕಾರ ತಪ್ಪಿದರೆ ಒಂದೋ ಕಳೆ ಉಳಿಯುತ್ತದೆ, ಇಲ್ಲವೇ ಬೆಳೆ ಸುಡುತ್ತದೆ. ಇಲ್ಲಿ ನಪಾಸಾದರೆ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ರೈತನ ಕಣದಲ್ಲಿ ಕಾಣುತ್ತದೆ.

ಹೀಗೆ ಓದಿದವರೆಲ್ಲ ಸ್ವಂತ ಹೊಲಕ್ಕೆ ಮರಳುತ್ತಾರೆಯೇ? ಈಗ ಮರಳಲು ಹೊಲಗಳೇ ಕಡಿಮೆ. 1935ರಲ್ಲಿ ಅಮೆರಿಕದಲ್ಲಿ ಸುಮಾರು 68 ಲಕ್ಷ ಕೃಷಿ ಹಿಡುವಳಿಗಳಿದ್ದವು. 2022ರ ಕೃಷಿ ಗಣತಿಯಲ್ಲಿ ಉಳಿದದ್ದು 19 ಲಕ್ಷ. ಫಾರ್ಮಿಂಗ್‌ಡೇಲ್ ಶಾಲೆಯಿರುವ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ 1947ರಿಂದ ಲೆವಿಟ್‌ಟೌನ್ ಎಂಬ ಬಡಾವಣೆ ಎದ್ದಿತು. ಶಾಲೆಯೂ ಕಾಲಕ್ರಮದಲ್ಲಿ ತಾಂತ್ರಿಕ ವಿಷಯಗಳತ್ತ ಹೊರಳಿತು. 1963ರ ವೃತ್ತಿ ಶಿಕ್ಷಣ ಕಾಯ್ದೆ ಇದನ್ನು ಮನಗಂಡು, ಹೊಲದ ಹೊರಗಿನ ಕೃಷಿ ಉದ್ಯೋಗಗಳಿಗೂ ತರಬೇತಿ ಕೊಡಲು ದಾರಿ ಮಾಡಿತು. ಇಂದಿನ ಅಸೋಸಿಯೇಟ್ ಪದವೀಧರರಲ್ಲಿ ಅನೇಕರು ರೈತರ ಸಹಕಾರಿ ಸಂಘಗಳಲ್ಲಿ, ಬೀಜ-ಗೊಬ್ಬರದ ಉದ್ಯಮಗಳಲ್ಲಿ ದುಡಿಯುತ್ತಾರೆ. ಸಾಲಿನಿಂದ ಸಾಲಿಗೆ ನಡೆದು ಕೀಟಗಳನ್ನು ಎಣಿಸಿ ವರದಿ ಕೊಡುವುದೂ ಒಂದು ವೃತ್ತಿ. ಬೆಳೆ ಸಲಹೆಗಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಲ್ಲಿನ ವ್ಯವಸ್ಥೆಯಲ್ಲಿ, ಪದವಿ ಚಿಕ್ಕದಾದಷ್ಟೂ ಹೊಲದ ಅನುಭವದ ವರ್ಷಗಳು ಹೆಚ್ಚು ಬೇಕು. ಓದು ಮತ್ತು ಅನುಭವ ಒಂದನ್ನೊಂದು ತುಂಬಿಕೊಡಬಲ್ಲವೆಂದು ಒಪ್ಪಿಕೊಂಡ ನಿಯಮ ಇದು.

ನೆಲ ಕಳೆದುಕೊಂಡವರ ಲೆಕ್ಕವೂ ಇದೇ ಮೆಟ್ಟಿಲಿನಲ್ಲಿ ಸ್ವಲ್ಪ ಮಟ್ಟಿಗೆ ತೀರಿತು. 1994ರಲ್ಲಿ ಮೂಲನಿವಾಸಿ ಬುಡಕಟ್ಟುಗಳ ಕಾಲೇಜುಗಳಿಗೆ ‘ಲ್ಯಾಂಡ್ ಗ್ರಾಂಟ್’ ಸ್ಥಾನ ದೊರೆಯಿತು. ಅವುಗಳಲ್ಲಿ ಹಲವು ಮುಖ್ಯವಾಗಿ ಎರಡು ವರ್ಷದ ಓದಿನ ಕಾಲೇಜುಗಳು. ಈ ಬಾರಿ ಸಿಕ್ಕಿದ್ದು ಹಣ, ಜಮೀನಲ್ಲ.

ಹೆಬ್ಬಾಳದ ನಂಟು

ಈ ಕಥೆಗೆ ಕರ್ನಾಟಕದಲ್ಲೂ ಒಂದು ಕೊಂಡಿಯಿದೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆಂದು 30 ಎಕರೆ ಕೊಟ್ಟರು. 1908ರಲ್ಲಿ, ಅಂದರೆ ರೂಸ್‌ವೆಲ್ಟರ ಆಯೋಗದ ವರ್ಷದಲ್ಲೇ, ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ತೋಟದಲ್ಲೇ ಮಾಡಿ ತೋರಿಸಿದವರು ಅವರು. ಮೈಲುತುತ್ತ, ಸುಣ್ಣಗಳ ಪ್ರಮಾಣ ಸರಿಯಾಗಿದೆಯೇ ಎಂದು ತಿಳಿಯಲು ದ್ರಾವಣದಲ್ಲಿ ಚೂರಿಯ ಅಲಗು ಅದ್ದಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸುವ ಕ್ರಮ ಅಡಿಕೆ ಬೆಳೆಗಾರರಿಗೆ ಗೊತ್ತು. ದೊಡ್ಡ ಪ್ರಯೋಗಶಾಲೆಯ ಜ್ಞಾನ ತೋಟದ ಕೆಲಸಗಾರನ ಕೈಯಲ್ಲಿ ಚೂರಿಯ ಅಲಗಾಗುವುದು ಹೀಗೆ.

1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಗಿ ಡಿಪ್ಲೊಮಾ ಮಟ್ಟದ ಶಿಕ್ಷಣ ಕೊಟ್ಟಿತು. ಅದು 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲಿ, ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ನೆರವಿನೊಂದಿಗೆ, ಕೃಷಿ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ಸಂಶೋಧನೆ, ಬೋಧನೆ, ವಿಸ್ತರಣೆ ಒಂದೇ ಸೂರಿನಡಿ ಬಂದದ್ದರಿಂದ ಆದ ಪ್ರಯೋಜನ ಅಪಾರ. ಆದರೆ ಶಾಲೆ ಕಾಲೇಜಾಗಿ, ಕಾಲೇಜು ವಿಶ್ವವಿದ್ಯಾಲಯವಾಗುವ ಹೊತ್ತಿಗೆ ಕೆಳಗಿನ ಮೆಟ್ಟಿಲು ಸವೆದಿತ್ತು. ಕೃಷಿ ಪದವೀಧರರಲ್ಲಿ ಅನೇಕರು ಇಲಾಖೆ, ಬ್ಯಾಂಕುಗಳತ್ತ ನಡೆದರು. ಮುಂದೆ ಹತ್ತನೆಯ ತರಗತಿ ಮುಗಿಸಿದವರಿಗಾಗಿ ಕನ್ನಡ ಮಾಧ್ಯಮದಲ್ಲಿ ಎರಡು ವರ್ಷದ ಕೃಷಿ ಡಿಪ್ಲೊಮಾ ಬಂದದ್ದು ಆ ಮೆಟ್ಟಿಲನ್ನು ಮತ್ತೆ ಕಟ್ಟುವ ಪ್ರಯತ್ನವೇ.

ಅಮೆರಿಕದ ಅನುಭವವನ್ನು ಹಾಗೇ ಎತ್ತಿ ತಂದು ಇಲ್ಲಿ ನೆಡಲಾಗದು. ಅಲ್ಲಿನ ಹಿಡುವಳಿ ದೊಡ್ಡದು, ಇಲ್ಲಿನದು ಚಿಕ್ಕದು. ಅಲ್ಲಿ ಹಿಮ ಬಿದ್ದು ನಾಲ್ಕೈದು ತಿಂಗಳು ಬಿಡುವು, ಇಲ್ಲಿ ಮುಂಗಾರು, ಹಿಂಗಾರು, ಬೇಸಿಗೆ ಬೆಳೆ ಎಂದು ಬಿಡುವೇ ಇಲ್ಲ. ಆದರೂ ಮಿನ್ನೆಸೋಟದ ಶಾಲೆ 1888ರಲ್ಲಿ ಕಂಡುಕೊಂಡದ್ದು ಯಾವ ದೇಶಕ್ಕೂ ಸಲ್ಲುವಂಥದು. ರೈತನ ಮಕ್ಕಳು ಓದಲು ಬರುತ್ತಿಲ್ಲವೆಂದು ದೂರುವ ಮೊದಲು, ಶಾಲೆ ಯಾವ ತಿಂಗಳು ತೆರೆಯುತ್ತದೆ, ಯಾವ ಭಾಷೆಯಲ್ಲಿ ಕಲಿಸುತ್ತದೆ, ಓದಿದವರಿಗೆ ಮರಳಿ ಹೋಗಲು ದಾರಿ ಉಳಿಸಿದೆಯೇ ಎಂದು ನೋಡಬೇಕು. ಅಲ್ಲಿ ಖಾಲಿ ಕೊಠಡಿಗಳು ತುಂಬಿದ್ದು ಯಾರೋ ಒಬ್ಬರು ಈ ಸಣ್ಣ ಪ್ರಶ್ನೆಗಳನ್ನು ಕೇಳಿಕೊಂಡ ಮೇಲೆ.